ನೀರು ಹಿಂದೆ ಸರಿದ ಬೆಳಿಗ್ಗೆ

ಪೋರ್ಟ್ ಕೆಲ್ವಿ
ಮಾರ್ಚ್ ೧೮, ೧೯೮೫

ಪ್ರಿಯ ಲೀತ್,

‘ದೂರ ಹೋದ ನೀರಿಗೆ ದಾರಿ ಗೊತ್ತು.’ ಈ ಸಾಲನ್ನು ಎಲ್ಲಿ ಓದಿದೆನೋ ನೆನಪಿಲ್ಲ. ವಿಶ್ವವಿದ್ಯಾಲಯದ ದಿನಗಳಲ್ಲಿ ಇರಬೇಕು. ಇದರ ಹಿಂದೆ ಇನ್ನೊಂದು ಸಾಲಿತ್ತು, ಅದು ಮರೆತುಹೋಗಿದೆ. ಆಗ ಓದಿದವಳಿಗೆ ಇದು ನಿಜ ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ. ನೀರಿಗೇನು ಗೊತ್ತು? ಚಂದ್ರ ಎಳೆದರೆ ಹೋಗುತ್ತದೆ, ಬಿಟ್ಟರೆ ಬರುತ್ತದೆ.

ನಿನ್ನ ಕಾಗದ ಬಂದು ವಾರಗಳಾದವು. ಬ್ರೆಡ್ ಡಬ್ಬದ ಪಕ್ಕದಲ್ಲೇ ಇದೆ. ಮೂರು ತಿಂಗಳ ದೋಣಿ ಕೆಲಸವೆಂದು ಪಶ್ಚಿಮ ತೀರಕ್ಕೆ ಹೋದವನು ಎರಡು ವರ್ಷ ಬರಲಿಲ್ಲ. ಈಗ ಒಂದೇ ಪ್ರಶ್ನೆ ಕೇಳಿದ್ದೀಯ: ಈಸ್ಟರ್ ಹೊತ್ತಿಗೆ ಮನೆಗೆ ಬರಲೇ, ಬೇಡವೇ? ಒಂದು ಪದ ಬರೆದರೆ ಸಾಕು ಎಂದಿದ್ದೀಯ. ಅಲ್ಲಿ ನಿನ್ನ ಜೊತೆ ಯಾರಾದರೂ ಇದ್ದರೇ ಎಂದು ನಾನು ಕೇಳುತ್ತಿಲ್ಲ. ಆ ಒಂದು ಪದವನ್ನು ಹುಡುಕಲು ಕೂತೆ. ಸಿಗಲಿಲ್ಲ. ಸಿಟ್ಟನ್ನು ಹುಡುಕಿದೆ, ಅದೂ ಇರಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದ ಕೆನ್ನೆಯ ಹಾಗಿದ್ದೇನೆ, ಮುಟ್ಟಿದರೆ ಬೇರೆ ಯಾರದೋ ಕೆನ್ನೆ. ಆದ್ದರಿಂದ ಶನಿವಾರ ಇಲ್ಲಿ ನಡೆದದ್ದನ್ನು ಬರೆಯುತ್ತೇನೆ.

ಕೆಲವು ತಿಂಗಳ ಹಿಂದೆ ನಮ್ಮ ಫುಟ್‌ಬಾಲ್ ಕ್ಲಬ್ ಮುಚ್ಚಿತು. ಆಡುವವರು ಸಾಲದೆ, ಉಳಿದವರು ಪಕ್ಕದ ಊರಿನ ತಂಡ ಸೇರಿದರು, ನಾವು ತಲೆಮಾರಿನಿಂದ ಬೈದುಕೊಂಡು ಬಂದ ಅದೇ ತಂಡ. ಬೇಕರಿಯ ಟ್ರೆವರ್ ಯೆನ್ಶ್‌ಗೆ ಇದು ಸಾವು ಕಂಡಷ್ಟು ಸಂಕಟ. ಅವನು ಟಿವಿಯಲ್ಲಿ ಹವಾಯಿಯ ಯಾವುದೋ ಸ್ಪರ್ಧೆ ನೋಡಿದ್ದ. ಮೊದಲು ಈಜು, ಆಮೇಲೆ ಸೈಕಲ್, ಕೊನೆಗೆ ಓಟ. ಊರ ಸಭಾಭವನದಲ್ಲಿ ಎಲ್ಲರನ್ನೂ ಸೇರಿಸಿದ. ಸೈಕಲ್‌ನವರು ಒಂದು ಕಡೆ, ಫುಟ್‌ಬಾಲ್‌ನವರು ಇನ್ನೊಂದು ಕಡೆ ಕೂತರು. ಮೀನುಗಾರರು ಹಿಂದಿನ ಗೋಡೆಗೆ ಒರಗಿ ನಿಂತರು. ಒಬ್ಬರ ಚಹಾ ಇನ್ನೊಬ್ಬರು ಕುಡಿಯದ ಜನ, ನಿನಗೇ ಗೊತ್ತು.

“ಹೊರದೇಶದ ಫುಟ್‌ಬಾಲ್‌ಗೆ ಹನ್ನೊಂದು ಜನ ಸಾಕು, ನಮ್ಮದಕ್ಕೆ ಹದಿನೆಂಟು ಜನ ಬೇಕು, ನಮ್ಮಲ್ಲಿಲ್ಲ,” ಎಂದ ಟ್ರೆವರ್. “ಇದಕ್ಕೆ ಮೂರು ಜನ ಸಾಕು ಕಣ್ರಯ್ಯಾ. ಒಬ್ಬ ಈಜ್ಲಿ, ಒಬ್ಬ ಸೈಕಲ್ ತುಳೀಲಿ, ಒಬ್ಬ ಓಡ್ಲಿ. ಒಂದೊಂದು ಮನೆಗೂ ಒಂದು ತಂಡ ಆಗತ್ತೆ.”

“ನಮ್ಮನೇಲಿ ಓಡೋದು ಅಂದ್ರೆ ಬೆಕ್ಕೊಂದೇ,” ಎಂದರು ಯಾರೋ.

“ಅದರ ಹೆಸರೂ ಬರ್ಸು.”

ಮರುದಿನ ನಮ್ಮ ಪಕ್ಕದ ಮನೆಯ ನೋಲಾ ಬೇಲಿಯ ಹತ್ತಿರ ಬಂದಳು. ಅರವತ್ತೆರಡನೆಯ ವಯಸ್ಸಿನಲ್ಲಿ ಅವಳು ಸೈಕಲ್ ತುಳಿಯುವುದೆಂದೂ, ಸಿಗರೇಟು ಬಿಡದ ಅವಳ ಮೈದುನ ಮರ್ವ್ ಓಡುವುದೆಂದೂ ತೀರ್ಮಾನವಾಗಿತ್ತು. ಈಜುವವರು ಇರಲಿಲ್ಲ.

“ನೀನು ಕಡಲಿಗೆ ಇಳಿದು ಎಷ್ಟು ಕಾಲ ಆಯ್ತು?” ಎಂದಳು.

ಲೀತ್ ಹೋದ ಮೇಲೆ ಇಳಿದಿಲ್ಲ ಎಂದೆ.

“ಅವನು ರಸ್ತೆ ಹಿಡಿದು ಹೋದ ಕಣೇ. ಕಡಲೇನು ಮಾಡಿತ್ತು ಪಾಪ?”

ನಮ್ಮ ತಂಡಕ್ಕೆ ಈಜುತ್ತೀಯಾ ಎಂದು ಕೇಳಿದಳು. ಹೂಂ ಎಂದೆ. ಹೂಂ ಅನ್ನುವುದು ಈಗ ಸುಲಭ. ಶಾಲೆಯಲ್ಲಿ ಪಾಠ ಮಾಡುತ್ತೇನೆ, ಅಂಗಡಿಯಲ್ಲಿ ನಗುತ್ತೇನೆ, ಎಲ್ಲದಕ್ಕೂ ಹೂಂ ಸಾಕಾಗುತ್ತದೆ.

ಶನಿವಾರ ಬೆಳಿಗ್ಗೆ ಇಡೀ ಊರು ಜೆಟ್ಟಿಯ ಮೇಲೆ ನಿಂತಿತ್ತು. ಕಡಲು ಇರಲಿಲ್ಲ. ಇಳಿತ ಪೂರ್ತಿಯಾಗಿ, ನೀರು ಕೊಲ್ಲಿಯ ನಡುವೆ ಬೆಳ್ಳಿಯ ಗೆರೆಯಷ್ಟೇ ಉಳಿದಿತ್ತು. ಈಜುವ ದಾರಿಗೆಂದು ಟ್ರೆವರ್ ಹಿಂದಿನ ಸಂಜೆ ತುಂಬಿದ ನೀರಲ್ಲಿ ತೇಲಿಬಿಟ್ಟಿದ್ದ ಪೀಪಾಯಿಗಳು, ಕೆಂಪು ಬಾವುಟ ಸಮೇತ ಕೆಸರಿನಲ್ಲಿ ಕೂತಿದ್ದವು. ಸೈಕಲ್‌ನವರು ಗಾಳಿ ನೋಡಿ, ಫುಟ್‌ಬಾಲ್‌ನವರು ಆಟದ ಋತು ನೋಡಿ ದಿನ ಗೊತ್ತುಮಾಡಿದ್ದರು. ಭರತ ಇಳಿತಗಳನ್ನು ಯಾರೂ ನೋಡಿರಲಿಲ್ಲ.

ಟ್ರೆವರ್ ಮೀನುಗಾರ ಕರ್ಲಿ ಡನ್‌ಸ್ಟನ್‌ನ ಕಡೆ ತಿರುಗಿದ. “ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಅವತ್ತು ಮೀಟಿಂಗ್‌ಗೆ ಬಂದಿದ್ಯಲ್ಲ ಮಹರಾಯಾ, ಬಾಯಿ ಬಿಡೋದಕ್ಕೇನಾಗಿತ್ತು?”

“ನೀವು ಕೇಳ್ತೀರ ಅಂತ ಕಾಯ್ತಿದ್ದೆ,” ಎಂದ ಕರ್ಲಿ. “ಕೇಳ್ದೇ ಹೇಳಿದ್ರೆ ಮೀನು ಹಿಡಿಯೋರಿಗೆ ಬಾಯಿ ಜಾಸ್ತಿ ಅಂತೀರಿ.”

ಜನ ಹೊಟ್ಟೆ ಹಿಡಿದು ನಕ್ಕರು. ನಮ್ಮ ಅಡುಗೆಮನೆಯಲ್ಲಿ ನಾವಿಬ್ಬರು, ಒಬ್ಬರು ಕೇಳಲೆಂದು ಇನ್ನೊಬ್ಬರು ಕಾಯುತ್ತ, ಎದುರುಬದುರು ಕೂತಿರುತ್ತಿದ್ದದ್ದು ನನಗೆ ನೆನಪಾಯಿತು. ನೆನಪಾಯಿತು ಅಷ್ಟೆ. ಎದೆಯಲ್ಲಿ ಏನೂ ಅಲ್ಲಾಡಲಿಲ್ಲ.

ಮುಂದೂಡೋಣ ಎಂದರು ಕೆಲವರು. ಚಹಾ ಮೇಜಿನ ಹೆಂಗಸರು ಒಪ್ಪಲಿಲ್ಲ. ಮಾಂಸದ ಹೂರಣದ ಪೇಸ್ಟಿಗಳು ಒಲೆಗೆ ಹೋಗಿಯಾಗಿದೆ, ಮಧ್ಯಾಹ್ನಕ್ಕೆ ಹೊರಗೆ ಬರುತ್ತವೆ, ಕಡಲಿಗಾಗಿ ಅವು ಕಾಯುವುದಿಲ್ಲ ಎಂದರು. ಕೊನೆಗೆ ಈಜುವವರೆಲ್ಲ ಕ್ಯಾನ್‌ವಾಸ್ ಬೂಟು ಹಾಕಿಕೊಂಡು ನೀರು ಸಿಗುವ ತನಕ ನಡೆಯಬೇಕು, ಸಿಕ್ಕ ಮೇಲೆ ಈಜಬೇಕು ಎಂದಾಯಿತು.

ನಡೆದೆವು. ನನ್ನ ಒಂದು ಬೂಟು ಕೆಸರಿನಲ್ಲಿ ಸಿಕ್ಕಿಕೊಂಡಿತು, ಅಲ್ಲೇ ಬಿಟ್ಟೆ. ನೀರು ಕಾಲಗಂಟಿಗೆ ಬಂತು, ತುಂಬ ಹೊತ್ತಿನ ಮೇಲೆ ಮೊಣಕಾಲಿಗೆ ಬಂತು. ಹೊಟ್ಟೆಯ ಮೇಲೆ ಮಲಗಿ, ಕಡಲಹುಲ್ಲನ್ನು ಹಿಡಿದೆಳೆಯುತ್ತ ಮುಂದೆ ಹೋದೆ. ಆಮೇಲೆ ದೋಣಿ ಹಾದುಹೋಗುವ ಆಳದ ಜಾಗ ಬಂತು. ಕೈಗಳು ತಾವಾಗಿ ಶುರು ಮಾಡಿದವು. ತಣ್ಣಗಿತ್ತಂತೆ, ಬೇರೆಯವರೆಲ್ಲ ಕಿರುಚುತ್ತಿದ್ದರು. ನನಗೆ ತಣ್ಣಗಾಗಲಿಲ್ಲ. ದೋಣಿದಾರಿಯ ಗುರುತಿನ ಕಂಬವನ್ನು ಮುಟ್ಟಿ ಹಿಂದಿರುಗಿದೆ. ಎಲ್ಲರಿಗಿಂತ ಕೊನೆಯವಳು.

ದಡದಲ್ಲಿ ನೋಲಾ ಸೈಕಲ್ ಹಿಡಿದು ನಿಂತಿದ್ದಳು. ಕೈ ಮುಟ್ಟಿಸಬೇಕು, ಆಗಲೇ ಅವಳು ಹೊರಡಬಹುದು. ನಾನು ಮುಟ್ಟಿಸಿದೆ, ಅವಳು ಹೊರಡಲಿಲ್ಲ.

“ಇಸೊಬೆಲ್, ನಿನ್ ಕಾಲು ನೋಡ್ಕೋ.”

ಬೂಟಿಲ್ಲದ ಪಾದ ಚಿಪ್ಪಿಗೆ ಸಿಕ್ಕಿ ಉದ್ದಕ್ಕೆ ಸೀಳಿತ್ತು. ಮರಳಿನ ಮೇಲೆ ರಕ್ತದ ಹೆಜ್ಜೆಗಳು ಬಿದ್ದಿದ್ದವು. ನೋಯಲ್ವೇನೇ ಎಂದು ಕೇಳಿದಳು. ಇಲ್ಲ ಎಂದೆ. ಅದು ನಿಜವಾಗಿತ್ತು. ಅವಳು ನನ್ನ ಮುಖವನ್ನು ನೋಡುತ್ತ ನಿಂತೇ ಇದ್ದಳು. ನೀನು ಹೋಗು ಎಂದೆ. ಹೋದಳು, ಗೋದಿ ತುಂಬಿಡುವ ಗೋಪುರದವರೆಗೆ ತುಳಿದು ಬಂದಳು. ಮರ್ವ್ ಮೈದಾನದ ಸುತ್ತು ಕೆಮ್ಮುತ್ತ ನಡೆದು ಮುಗಿಸಿದ. ನಮಗೆ ಕೊನೆಯ ಸ್ಥಾನ, ಬಹುಮಾನವಾಗಿ ತಳ ಸೀದ ಒಂದು ಪೇಸ್ಟಿ. ಮುಂದಿನ ವರ್ಷದ ದಿನ ಗೊತ್ತುಮಾಡುವ ಕೆಲಸವನ್ನು ಕರ್ಲಿಗೆ ವಹಿಸಿದ್ದಾರೆ. ಮುಂದಿನ ವರ್ಷ ಎಂದು ಈ ಊರಿನಲ್ಲಿ ಯಾರಾದರೂ ಹೇಳಿ ಬಹಳ ದಿನವಾಗಿತ್ತು.

ಹೇಳಬೇಕಾದದ್ದು ಇನ್ನೊಂದಿದೆ. ಅಂದು ಸಂಜೆ ಪಾತ್ರೆ ತೊಳೆಯುತ್ತ ನಿಂತಿದ್ದಾಗ ಪಾದ ನೋಯತೊಡಗಿತು. ಮೊದಲು ಮಿಡಿಯಿತು, ಆಮೇಲೆ ಉರಿಯಿತು. ಕುರ್ಚಿಯಲ್ಲಿ ಕೂತು ಪಾದವನ್ನು ಕೈಯಲ್ಲಿ ಹಿಡಿದುಕೊಂಡೆ. ಮಾತ್ರೆ ಹತ್ತಿರವೇ ಇತ್ತು, ನುಂಗಲಿಲ್ಲ. ಇದು ನನ್ನದು ಎಂದು ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ ಏನೂ ಆಗಲಿಲ್ಲ, ದೊಡ್ಡದು ಮಾಡಿಕೊಳ್ಳಬೇಡ. ಅಳಲಿಲ್ಲ.

ಈಗ ನಿನ್ನ ಪ್ರಶ್ನೆ. ನೀನು ಬಂದು ಬಾಗಿಲಲ್ಲಿ ನಿಂತರೆ ನಾನು ಹೂಂ ಎನ್ನುತ್ತೇನೆ, ತಟ್ಟೆ ಇಡುತ್ತೇನೆ. ಹಾಗೆ ನಿನ್ನನ್ನು ಕರೆದುಕೊಳ್ಳುವುದು ಇಬ್ಬರಿಗೂ ಮೋಸ. ಆದ್ದರಿಂದ ಬರಬೇಡ. ನಿನ್ನ ದಪ್ಪ ಕೋಟನ್ನು ರೈಲಿನ ಪಾರ್ಸೆಲ್‌ನಲ್ಲಿ ಕಳಿಸುತ್ತೇನೆ. ಅಲ್ಲಿ ಚಳಿಗಾಲ ಮೇ ತಿಂಗಳಿಗೂ ಮೊದಲೇ ಶುರುವಾಗುತ್ತದಂತೆ. ಎಡ ತೋಳಿನ ಹೊಲಿಗೆ ಬಿಟ್ಟಿತ್ತು, ಹಾಕಿದ್ದೇನೆ.

ನಿನ್ನ ಒಳಿತನ್ನು ಬಯಸುವ,
ಇಸೊಬೆಲ್

ತಾ.ಕ.: ಲಕೋಟೆ ಅಂಟಿಸುವ ಮೊದಲು ನೋಲಾ ಮೊಟ್ಟೆ ಕೊಡಲು ಬಂದಳು. ಚಪ್ಪಲಿಗೆ ಕೋಳಿಗೂಡಿನ ಕೆಸರು ಮೆತ್ತಿದ್ದರಿಂದ ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತಳು. ಮೇಜಿನ ಮೇಲೆ ಹರಡಿದ್ದ ಹಾಳೆಗಳನ್ನು ಕಂಡು ಯಾರಿಗೆ ಎಂದಳು. ಹೇಳಿದೆ. ಏನಂತ ಬರೆದೆ ಎಂದಳು. ಬರಬೇಡ ಅಂತ ಎಂದೆ. ಅವಳು ಹಾಳೆಗಳನ್ನು ನೋಡಿದಳು, ನನ್ನನ್ನು ನೋಡಿದಳು, ಮೊಟ್ಟೆಯ ಬುಟ್ಟಿಯನ್ನು ಹೊಸ್ತಿಲ ಮೇಲೆ ಇಟ್ಟಳು.

“ಬೇಡ ಅನ್ನೋದಕ್ಕೆ ಇಷ್ಟೊಂದು ಹಾಳೆ ಬೇಕಾಗಲ್ಲ ಕಣೇ,” ಎಂದಳು.