ಬಾಯಿ ಮುಚ್ಚಿಸಿದ ಟೆಸ್ಟ್

ಮಾರ್ಚ್ ೧೧, ಮಂಗಳವಾರ

ಮಕ್ಕಳಿಗೆ ಎಷ್ಟು ಔಷಧಿ ಕೊಡಬೇಕೆಂದು ಹೇಳುವ ನಮ್ಮ ಸಾಫ್ಟ್‌ವೇರ್ ನಾಳೆ ಆಸ್ಪತ್ರೆಗೆ ಹೋಗಬೇಕಿತ್ತು. ಅದನ್ನು ತಾವಾಗಿಯೇ ಪರೀಕ್ಷಿಸುವ ನಾನೂರು ಟೆಸ್ಟ್‌ಗಳನ್ನು ಬರೆದವನು ನಾನೇ. ಪರದೆಯ ಮೇಲೆ ಯಾರೋ ಒಂದು ಬಟನ್ ಸರಿಸಿದರೂ ಸಾಕು, ಹತ್ತು ಟೆಸ್ಟ್ ಸುಮ್ಮಸುಮ್ಮನೆ ತಪ್ಪಿದೆಯೆಂದು ಕೂಗುತ್ತವೆ. ದಿನವೂ ರಿಪೇರಿ ಮಾಡಿ ಸಾಕಾಗಿ, ಹೋದ ತಿಂಗಳು ಒಂದನ್ನು ಓಡದ ಹಾಗೆ ನಿಲ್ಲಿಸಿ ಅದರ ಬಾಯಿ ಮುಚ್ಚಿಸಿದೆ. ಆಮೇಲೆ ನೋಡೋಣವೆಂದುಕೊಂಡೆ. ನೋಡಲಿಲ್ಲ.

ಇವತ್ತು ಪ್ರಯೋಗಕ್ಕೆ ಬಂದ ನರ್ಸಮ್ಮ ಮಗುವಿನ ತೂಕ ಒತ್ತಿ, ಪರದೆ ನೋಡಿ ನಕ್ಕರು. "ಏನಣ್ಣಾ, ಈ ಔಷಧಿ ಕೂಸಿಗೋ ಕುದುರೆಗೋ?"

ಕೊಡಬೇಕಾದ ಔಷಧಿಯ ಎರಡು ಪಟ್ಟು ತೋರಿಸುತ್ತಿತ್ತು. ಆ ಟೆಸ್ಟ್ ಹಿಡಿಯಬೇಕಿದ್ದದ್ದು ಅದನ್ನೇ. ನನಗೆ ನಗು ಬರಲಿಲ್ಲ.

ಎಲ್ಲರೆದುರು ಒಪ್ಪಿಕೊಂಡೆ. ಮಗಳ ವಯಸ್ಸಿನ ನಮ್ಮ ಮುಖ್ಯಸ್ಥೆ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. "ನಾವೂ ಅದನ್ನೇ ಮಾಡಿದೀವಿ ದೊಡ್ಡಪ್ಪ. ನಾಳೆ ಕಳಿಸೋದು ಬೇಡ. ಎಷ್ಟರ ಬಾಯಿ ಮುಚ್ಚಿದೀವೋ ಎಲ್ಲಾ ಮತ್ತೆ ಬಿಚ್ಚಿ" ಅಂದಳು.

ಹುಡುಕಿದರೆ ಮೂವತ್ತೇಳು! ಸಂಜೆಯೊಳಗೆ ಆರು ಬಿಚ್ಚಿದೆ. ಐದರದ್ದು ಬರೀ ಗದ್ದಲ. ಆರನೆಯದು ಮಾತ್ರ ಏನೋ ನಿಜವನ್ನೇ ಹೇಳುತ್ತಿರುವ ಹಾಗಿದೆ. ನಿದ್ದೆಗೆ ಕಣ್ಣು ಎಳೆಯುತ್ತಿದೆ. ಬೆಳಿಗ್ಗೆ ಹೋದವನೇ ಮೊದಲು ಅದರ ಮುಂದೆ ಕೂತು ಅದು ಹೇಳುವುದನ್ನು ಕೇಳಬೇಕು.