ರೇಣುಕಾಳ ಸಾಲಿನ ಆರು

ಅಪ್ಪಾ,

ನೀನು ಹೋದ ಮೇಲೆ ಎರಡು ಸಲ ಬರೆಯಲು ಕೂತು ಎದ್ದಿದ್ದೆ. ಬರೆಯಬೇಕೆಂದರೆ ಮೊದಲು ನಿನಗೆ ಹೇಳಿದ ಒಂದು ಸುಳ್ಳನ್ನು ಒಪ್ಪಿಕೊಳ್ಳಬೇಕಿತ್ತು. ಇವತ್ತು ಆ ಧೈರ್ಯ ಬಂದಿದೆ.

ಕೊಪ್ಪಳದ ಆಸ್ಪತ್ರೆಯಲ್ಲಿ ನೀನು ದಿಂಬಿಗೆ ಒರಗಿ ಕೂತಿದ್ದ ಮಧ್ಯಾಹ್ನ. ನಾನು ಕಲಿಸುವ ಒಂಬತ್ತನೆಯ ತರಗತಿಯ ಚಾರ್ಟನ್ನು ಫೋನಿನಲ್ಲಿ ತೋರಿಸಿದ್ದೆ. ಒಬ್ಬೊಬ್ಬರೂ ತಮ್ಮ ಮನೆಯ ನೀರು ತಂದು, ಬಟ್ಟಲಿನಲ್ಲಿ ಇಪ್ಪತ್ತು ಹೆಸರುಕಾಳು ನೆನೆಸಿಟ್ಟು, ನಾಲ್ಕನೆಯ ದಿನ ಎಷ್ಟು ಮೊಳಕೆ ಒಡೆದವೆಂದು ಎಣಿಸಿ, ತಾವೇ ಸ್ಪ್ರೆಡ್‌ಶೀಟಿನಲ್ಲಿ ತುಂಬಿದ್ದರು. ತಳಕಲ್ಲಿನ ಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದ ಕಣ್ಣು ನಿನ್ನದು. "ಇಷ್ಟು ಸರಿಸಮ ಬಂದಾವೇನವ್ವಾ? ಒಂದೂ ಹಿಂದ ಮುಂದ ಇಲ್ಲ?" ಎಂದು ಕೇಳಿದೆ ನೀನು. "ಇಲ್ಲಪ್ಪಾ, ಎಲ್ಲಾ ಛಲೋ ಬಂದಾವ" ಎಂದುಬಿಟ್ಟೆ ನಾನು.

ಒಂದು ಹಿಂದಿತ್ತು. ಅದನ್ನು ನಾನೇ ತಿದ್ದಿದ್ದೆ.

ರೇಣುಕಾ ಅಂತ ಹುಡುಗಿ, ಮಾತು ಕಡಿಮೆ. ಎಲ್ಲರದೂ ಹದಿನೇಳು, ಹದಿನೆಂಟು ಇದ್ದರೆ ಅವಳ ಸಾಲಿನಲ್ಲಿ ಆರು. ಮರುದಿನ ಮೇಲಿನವರು ಗಂಗಾವತಿಯಿಂದ ಶಾಲೆ ನೋಡಲು ಬರುವವರಿದ್ದರು. "ನೀರು ಹಾಕೋದು ಮರ್ತಿರಬೇಕು ನೀ" ಎಂದೆ. "ಇಲ್ರಿ ಟೀಚರ್, ದಿನಾ ಹಾಕೀನ್ರಿ. ಮೂರು ಸಲ ಎಣಿಸೀನ್ರಿ" ಎಂದಳು. ಅವಳು ನೋಡುತ್ತಿದ್ದಂತೆಯೇ ಆರರ ಎಡಕ್ಕೆ ಒಂದು ಒತ್ತಿದೆ. ಹದಿನಾರಾಯಿತು. ಪರದೆಯ ಮೇಲಿನ ಕುಳ್ಳ ಕಂಬ ಉಳಿದವುಗಳ ಜೊತೆ ಎದ್ದು ನಿಂತಿತು. ಯಾಕೆ ಹಾಗೆ ಮಾಡಿದೆ ಅಪ್ಪಾ, ನಿನ್ನ ಮಗಳಾಗಿ...

ನಿನ್ನ ಕಾರ್ಯಗಳನ್ನೆಲ್ಲ ಮುಗಿಸಿ ಶಾಲೆಗೆ ಮರಳಿದಾಗ ರೇಣುಕಾ ಕಂಪ್ಯೂಟರ್ ಮುಟ್ಟುವುದನ್ನೇ ಬಿಟ್ಟಿದ್ದಳು. ಕೇಳಿದರೆ, "ನೀವ ಬರಕೋರಿ ಟೀಚರ್. ನಾ ಎಣಿಸಿದ್ದು ಹೆಂಗೂ ಉಳಿಯೂದಿಲ್ಲಲ್ರಿ" ಎಂದಳು. ಸಿಟ್ಟಿನಿಂದಲೂ ಅಲ್ಲ, ಹವಾಮಾನದ ಸುದ್ದಿ ಹೇಳುವಂತೆ. ಅಂದೇ ಇಡೀ ತರಗತಿಯ ಮುಂದೆ ಆ ಒಂದನ್ನು ಅಳಿಸಿದೆ. "ಇದು ನನ್ನ ತಪ್ಪು. ರೇಣುಕಾ ಸರಿಯಾಗೇ ಎಣಿಸಿದ್ಲು" ಎಂದೆ. ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು, "ಹಂಗಾದ್ರ ಆಕೀಗಷ್ಟ ಯಾಕ ಆರು ಬಂತ್ರಿ?"

ನೋಡು, ಪಾಠ ಶುರುವಾದದ್ದು ಆಗ. 'ನೀರು ಎಲ್ಲಿಯದು' ಎಂದು ಒಂದು ಕಾಲಂ ಸೇರಿಸಿದೆವು. ಎಲ್ಲರದೂ ಕುಡಿಯುವ ಕಾಲುವೆ ನೀರು. ರೇಣುಕಾ ತಂದದ್ದು ಹಿತ್ತಲಿನ ಬೋರಿನದು. ಅವಳು ಮೆಲ್ಲಗೆ ಹತ್ತಿರ ಬಂದು, "ಇನ್ನೊಂದು ಕಾಲಂ ಹಾಕೋಣೇನ್ರಿ? ಯಾರ ಕೈ ಅಂತ" ಎಂದಳು. ಉಳಿದವರು ನಕ್ಕರು. ಅವಳು ನಗಲಿಲ್ಲ.

ತರಗತಿ ಬಿಟ್ಟ ಮೇಲೆ ಹೇಳಿದಳು. ಅಜ್ಜಿಗೆ ಮೊಣಕಾಲು ನೋವು ಬಂದಾಗಿನಿಂದ ಹಿತ್ತಲು ಅವ್ವನ ಪಾಲಿಗೆ ಬಂದಿದೆ. ಬೋರು ಹಾಕಿಸಿದ್ದೂ ಅದೇ ವರ್ಷ. ಮೆಂತ್ಯೆ, ಪುಂಡಿ ಸೊಪ್ಪು, ಏನು ಹಾಕಿದರೂ ಏಳುವುದಿಲ್ಲ. "ನಮ್ಮ ಸೊಸಿ ಕೈಗುಣ ಛಲೋ ಇಲ್ಲ" ಎಂದು ಅಜ್ಜಿ ಓಣಿಯಲ್ಲೆಲ್ಲ ಹೇಳುತ್ತಾಳೆ. ಅವ್ವ ಎದುರಾಡುವುದಿಲ್ಲ, ಈಗೀಗ ತಾನೂ ಅದನ್ನೇ ನಂಬಿದ್ದಾಳೆ.

ಶಾಲೆಯ ಕೆಲಸವೆಂದು ಹೇಳಿ ರೇಣುಕಾ ಇಬ್ಬರ ಕೈಯಿಂದಲೂ ಕಾಳು ಹಾಕಿಸಿದಳು. ಅವ್ವನಿಗೆ ಎರಡು ಬಟ್ಟಲು, ಅಜ್ಜಿಗೆ ಎರಡು. ತಲಾ ಒಂದಕ್ಕೆ ಬೋರಿನ ನೀರು, ಒಂದಕ್ಕೆ ಕಾಲುವೆಯದು. ಮೂರು ಸಲ ಮಾಡಿದಳು. ಸಂಖ್ಯೆಗಳನ್ನೆಲ್ಲ ತುಂಬಿ, ಕೈಯ ಪ್ರಕಾರ ವಿಂಗಡಿಸಿದಾಗ ದೊಡ್ಡವು ಸಣ್ಣವು ಕಲಸಿಕೊಂಡು ಕೂತವು. ನೀರಿನ ಪ್ರಕಾರ ವಿಂಗಡಿಸಿದಾಗ ದೊಡ್ಡವೆಲ್ಲ ಒಂದೆಡೆ, ಸಣ್ಣವೆಲ್ಲ ಒಂದೆಡೆ. ಅವಳು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ತಟ್ಟೆಯಲ್ಲಿ ಬಿಸಿಲಿಗಿಟ್ಟ ಬೋರಿನ ನೀರು ಆರಿ, ತಳದಲ್ಲಿ ಬೆಳ್ಳಗೆ ಸವಳಿನ ಉಪ್ಪು ಉಳಿದಿತ್ತು.

ಪಾಲಕರ ಸಭೆಯ ದಿನ ಅತ್ತೆ ಸೊಸೆ ಇಬ್ಬರೂ ಬಂದರು. ಅಜ್ಜಿಗೆ ಓದು ಬಾರದು. ರೇಣುಕಾ ಪರದೆಯ ಮೇಲೆ ಬೆರಳಿಟ್ಟು ಓದಿ ಹೇಳಿದಳು.

"ನನ್ನ ಕೈಯಾಗೂ ಐದ?"

"ಹೂಂ ಅಜ್ಜಿ, ಬೋರಿನ ನೀರಾಗ ಐದ. ಅವ್ವ ಕಾಲುವಿ ನೀರಾಗ ಹಾಕಿದ್ದು ಹತ್ತೊಂಬತ್ತು."

ಅಜ್ಜಿ ಬಹಳ ಹೊತ್ತು ಪರದೆಯನ್ನೇ ನೋಡಿ, ಸೊಸೆಯ ಕಡೆ ತಿರುಗಿದಳು. "ನೀರಾಗ ಸವಳ ಐತಿ ನೋಡವಾ. ಸುಮ್ಮಸುಮ್ಮನ ನಿನಗ ಅಂದೆ." ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅತ್ತಳೋ ನಕ್ಕಳೋ, ನನಗೆ ತಿಳಿಯಲಿಲ್ಲ.

ಈಗ ಎದೆ ಹಗುರಾಗಿದೆ ಅಪ್ಪಾ. ಬೈಯುವುದಿದ್ದರೆ ಬೈ, ಕೇಳುತ್ತೇನೆ. ಆದರೆ ಇದೊಂದು ಸುದ್ದಿ ಕೇಳಿದ ಮೇಲೆ ಬೈ. ಈ ನವರಾತ್ರಿಗೆ ಅವರ ಮನೆಯಲ್ಲಿ ಘಟ ಕೂರಿಸಿದರು. ಅದರ ಸುತ್ತಲಿನ ಮಣ್ಣಿಗೆ, ಹಬ್ಬ ಮುಗಿಯುವುದರೊಳಗೆ ಮೊಳೆತು ನಿಲ್ಲಬೇಕಾದ ಕಾಳು ಹಾಕುವ ಹೊತ್ತಿಗೆ ಅಜ್ಜಿ ತಾನು ಪಕ್ಕಕ್ಕೆ ಸರಿದು, ಓಣಿಯ ಹೆಂಗಸರೆಲ್ಲರ ಎದುರು, "ನೀ ಹಾಕವಾ" ಎಂದು ಸೊಸೆಯನ್ನು ಕರೆದಳಂತೆ.

ನಿನ್ನ ಮಗಳು