ಹಸಿ ಭತ್ತದ ನೀರು ಎಲ್ಲಿಗೆ ಹೋಯಿತು?

ಶಾಲಾ ತಪಾಸಣೆಯ ಮಾನ್ಯ ಅಧಿಕಾರಿಗಳೇ,

ಕಳೆದ ತಿಂಗಳು ತಾವು ಮಾನ್ವಿ ತಾಲ್ಲೂಕಿನ ನಮ್ಮ ಹಳ್ಳಿಯ ಶಾಲೆಗೆ ದಯಮಾಡಿಸಿ, ಸರಿಯಾದ ಉತ್ತರ ಹೇಳಿದ ಹುಡುಗಿಯೊಬ್ಬಳನ್ನು ದಡ್ಡಿಯನ್ನಾಗಿ ಮಾಡಿ ಹೋದಿರಿ. ಮರುದಿನದಿಂದ ಅವಳು ಶಾಲೆ ಬಿಟ್ಟಳು. ಇದು ತಮ್ಮ ಗಮನಕ್ಕೆ ಬಂದಿರಲಾರದು; ಜೀಪು ಎಬ್ಬಿಸುವ ಧೂಳಿನಲ್ಲಿ ಹಿಂದೆ ಉಳಿದವರು ಕಾಣುವುದು ಕಷ್ಟ.

ಐದನೆಯ ತರಗತಿಯ ಯಮನಮ್ಮನನ್ನು ಎಬ್ಬಿಸಿ "ಬಾಷ್ಪೀಭವನ ಎಂದರೇನು?" ಎಂದು ಕೇಳಿದಿರಿ. ಅವಳ ತಾಯಿ ಶೇಖಮ್ಮ ಅಕ್ಕಿ ಗಿರಣಿಯ ಕಣದಲ್ಲಿ ಭತ್ತ ಒಣಗಿಸುವ ಕೂಲಿ ಮಾಡುತ್ತಾಳೆ. ಹುಡುಗಿ ಕಂಡದ್ದನ್ನೇ ಹೇಳಿದಳು: "ಹಸಿ ಭತ್ತ ಬಿಸಿಲಿಗೆ ಹರವಿದ್ರ ಸಂಜಿಗೆ ಹಗುರ ಆಗ್ತದ್ರೀ. ಅದರಾಗಿನ ನೀರು ಆವಿ ಆಗಿ ಗಾಳ್ಯಾಗ ಹೋಗಿರ್ತದ್ರೀ." ತಮಗೆ ಬೇಕಾಗಿದ್ದುದು "ದ್ರವವು ಅನಿಲ ರೂಪಕ್ಕೆ ಪರಿವರ್ತಿತವಾಗುವ ಕ್ರಿಯೆ" ಎಂಬ ಪುಸ್ತಕದ ಸಾಲು. ಅದು ಅವಳಿಗೆ ಬರಲಿಲ್ಲ. "ಇವಳ ತಲೆಗೆ ವಿಜ್ಞಾನ ಹತ್ತುವುದಿಲ್ಲ" ಎಂದು ತೀರ್ಪಿತ್ತು, ನಾವು ತರಿಸಿದ ಚಹಾವನ್ನು ಬಸಿಗೆ ಸುರಿದುಕೊಂಡು ಕುಡಿದಿರಿ. ಮಾನ್ಯರೇ, ಬಸಿಯಲ್ಲಿ ಚಹಾ ಬೇಗ ಆರುವುದೇಕೆ? ಆವಿ ಏಳಲು ಅಲ್ಲಿ ಜಾಗ ಹೆಚ್ಚೆಂದಲ್ಲವೇ? ಆ ಗಳಿಗೆಯಲ್ಲಿ ಇಡೀ ತರಗತಿಗೆ ಎಂತಹ ಪಾಠ ಮಾಡಬಹುದಿತ್ತು! ತಾವು ಬಿಸ್ಕತ್ತು ಕೇಳಿದಿರಿ.

ವಾರ ಕಳೆದರೂ ಹುಡುಗಿ ಬಾರದಿದ್ದಾಗ ನಾನೇ ಗಿರಣಿಗೆ ಹೋದೆ. ಅವಳು ತಾಯಿಯ ಜೊತೆ ಕಾಲಿನಿಂದ ಭತ್ತ ತಿರುವುತ್ತಿದ್ದಳು.

"ಸಾಹೇಬ್ರೇ ತಲಿಗೆ ಹತ್ತಂಗಿಲ್ಲ ಅಂದಾರಂತ. ಇನ್ಯಾಕ ಕಳಿಸ್ಲಿರೀ ಅಕ್ಕಾರ?" ಎಂದಳು ಶೇಖಮ್ಮ.

ನಾನು ಚಪ್ಪಲಿ ಬಿಟ್ಟು ಹುಡುಗಿಯ ಬಳಿ ಹೋದೆ. ಆಗ ಯಮನಮ್ಮ ತಲೆ ಎತ್ತದೆಯೇ ಕೇಳಿದಳು: "ಅಕ್ಕಾರ, ಒದ್ದಿ ಸೀರಿ ನೆಳ್ಳಾಗ ಹಾಕಿದ್ರೂ ಒಣಗ್ತದ. ಬಿಸಿಲಿಲ್ದ ನೀರು ಹೆಂಗ ಹೋಗ್ತದ್ರೀ?"

ತಮ್ಮ ಮೆಚ್ಚಿನ ಸಾಲಿನಲ್ಲಿ ಇದಕ್ಕೆ ಉತ್ತರವಿಲ್ಲ. ನಾನು ಹೇಳಿದೆ: "ರಾಯಚೂರು ಬಸ್ಸಿನಾಗ ಮಂದಿ ತುಂಬಿರ್ತಾರಲ್ಲ, ನೀರಿನ ಸಣ್ಣ ಕಣಾನೂ ಹಂಗ ನೂಕಾಡ್ತಿರ್ತಾವ. ಬಾಗಿಲ ಹತ್ರ ಇದ್ದು, ಜೋರಿದ್ದಾವು ಹೊರಗ ಜಿಗಿತಾವ. ಬಿಸಿಲಿಗೆ ಗಡಿಬಿಡಿ ಹೆಚ್ಚು, ನೆಳ್ಳಾಗ ಕಡಿಮಿ. ಆದ್ರ ಜಿಗಿಯೂದು ನಿಲ್ಲಂಗಿಲ್ಲ."

"ಕಡೀಗೆ ಬಸ್ಸೇ ಖಾಲಿ!" ಎಂದು ಹುಡುಗಿ ನಕ್ಕಳು.

ಶೇಖಮ್ಮ ಮಗಳ ಮುಖವನ್ನೇ ನೋಡಿದಳು. "ಸಾಲಿ ಬಿಟ್ಟಾಗಿಂದ ಇಕಿ ನಕ್ಕಿದ್ದಿಲ್ರೀ. ನಾಳಿಗಿ ಕಳಿಸ್ತೀನಿ. ಆದ್ರ ಆ ಸಾಹೇಬ್ರು ಮತ್ತ ಬಂದ್ರ?"

ಅವಳಿಗೆ ಏನು ಹೇಳಲಿ? ಹುಡುಗಿ ಶಾಲೆಗೆ ಬರುತ್ತಿದ್ದಾಳೆ, ಕೇಳುತ್ತಾಳೆ, ವಾದಿಸುತ್ತಾಳೆ. ಹೊರಗೆ ಬೂಟಿನ ಸದ್ದಾದರೆ ಮಾತ್ರ ಬಾಯಿ ಮುಚ್ಚುತ್ತಾಳೆ. ದೊಡ್ಡ ಪದಗಳು ಬೇಡವೆಂದು ನಾನೆನ್ನುವುದಿಲ್ಲ. ಮಗು ಮೊದಲು ಸಂಗತಿಯನ್ನು ಕಾಣಲಿ, ಹೆಸರನ್ನು ಆಮೇಲೆ ನಾವು ಕೊಡೋಣ.

ಆದ್ದರಿಂದ ತಾವು ಮತ್ತೊಮ್ಮೆ ಬರಬೇಕು. ಮಕ್ಕಳ ಸಮಕ್ಕೆ ನೆಲದ ಮೇಲೆ ಕುಳಿತು, ಅವಳ ಉತ್ತರ ಸರಿಯಿತ್ತೆಂದು ಎಲ್ಲರೆದುರು ಹೇಳಬೇಕು. ಬಳಿಕ ಅವಳು ತಮ್ಮನ್ನು, ಮಣ್ಣಿನ ಕೊಡದ ನೀರು ತಣ್ಣಗೇಕೆ ಎಂದು ಕೇಳಲಿದ್ದಾಳೆ. ಗೊತ್ತಿದ್ದರೆ ಹೇಳಿ. ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ" ಎನ್ನಿ. ದೊಡ್ಡವರ ಬಾಯಿಂದ ಆ ಮಾತನ್ನೂ ಮಕ್ಕಳು ಒಮ್ಮೆ ಕೇಳಲಿ.

ಇಂತಿ,
ಈ ಪತ್ರಕ್ಕೆ ವರ್ಗಾವಣೆಯೇ ಉತ್ತರವಾದೀತೆಂದು ಟ್ರಂಕು ಕಟ್ಟಿಟ್ಟುಕೊಂಡೇ ಇದನ್ನು ಬರೆದಿರುವ
ಬಸವಂತಮ್ಮ, ಸಹಶಿಕ್ಷಕಿ
ಮಾನ್ವಿ ತಾಲ್ಲೂಕು, ಡಿಸೆಂಬರ್ ೧೯೭೯